ಅಪ್‌ಡೇಟ್: ‘ಆಲ್ವೇಸ್’ ಎಲ್ಲಿ ಕೂರಬೇಕು ಅಂತ ಗೊತ್ತಾಯಿತು

ಹೋದ ವಾರ ಕೇಳಿದ್ದೆ: ‘ಹಿ ಆಲ್ವೇಸ್ ಕಮ್ಸ್ ಲೇಟ್’ ಸರಿಯಾದರೆ, ‘ಹಿ ಆಲ್ವೇಸ್ ಈಸ್ ಲೇಟ್’ ಅಂತ ಬರೆದಿದ್ದಕ್ಕೆ ಟ್ಯೂಷನ್ ಮೇಡಂ ಯಾಕೆ ಕೆಂಪು ಗೆರೆ ಎಳೆದರು ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಆಲ್ವೇಸ್, ಆಫನ್, ನೆವರ್ ಥರದವು ಮಾಮೂಲಿ ಕ್ರಿಯಾಪದಕ್ಕಿಂತ ಮೊದಲು ಬರುತ್ತವೆ. ಆಮ್, ಈಸ್, ಆರ್ ಇದ್ದರೆ ಅದಾದ ಮೇಲೆ. (ಒತ್ತಿ ಹೇಳುವಾಗ ನನ್ನ ವಾಕ್ಯವೂ ನಡೆಯುತ್ತದಂತೆ. ನಾನೇನೂ ಒತ್ತಿ ಹೇಳಿರಲಿಲ್ಲ ಬಿಡಿ.)

ನನ್ನ ನಿಜವಾದ ತೊಂದರೆ ಬೇರೆ. ಕನ್ನಡದಲ್ಲಿ ‘ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾಳೆ’, ‘ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾಳೆ’ ಎರಡೂ ನಡೆಯುತ್ತದೆ. ಅದೇ ಸಲುಗೆಯಲ್ಲಿ ‘ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಅಂದರೆ ಕೆಟ್ಟಿತು. ಕ್ರಿಯಾಪದಕ್ಕೂ ಕರ್ಮಕ್ಕೂ ಮಧ್ಯೆ ‘ವೆಲ್’ ತುರುಕುವ ಹಾಗಿಲ್ಲ. ‘ಶಿ ಸ್ಪೀಕ್ಸ್ ಇಂಗ್ಲಿಷ್ ವೆಲ್’, ಅಷ್ಟೇ.

ಇನ್ನೊಂದು ಮಜಾ. ಫೋನಿನಲ್ಲಿ ನಾನು ಯಾವಾಗಲೂ ‘ಐ ಆಮ್ ಇನ್ ಆಫೀಸ್ ಓನ್ಲಿ’ ಅನ್ನುತ್ತಿದ್ದೆ. ಅದು ನಮ್ಮ ‘ಆಫೀಸಲ್ಲೇ’ ಅನ್ನೋದರ ಬಾಲ ಅಲ್ವಾ! ಮೇಡಂಗೆ ಹೇಳಿದರೆ ಜೋರಾಗಿ ನಕ್ಕರು. ನಿನ್ನೆ ತಿದ್ದಿಕೊಟ್ಟ ಪ್ರಬಂಧದಲ್ಲಿ ಎರಡೇ ಕೆಂಪು ಗೆರೆ. ಎರಡೂ ‘ಓನ್ಲಿ’ಗೇ.