ದರ್ಜಿಗೆ ಸಿಕ್ಕ ನೀಲಿ ಕಲ್ಲು

ಯುಗಾದಿಗೆಂದು ಹೊಲಿಯಲು ಕೊಟ್ಟ ಪ್ಯಾಂಟು ಗೌರಿ ಹಬ್ಬ ಹತ್ತಿರ ಬಂದರೂ ಕೈಗೆ ಸಿಕ್ಕಿರಲಿಲ್ಲ. ವಿಚಾರಿಸೋಣ ಎಂದು ಟೈಲರ್ ಮೂರ್ತಿಯ ಅಂಗಡಿಗೆ ಹೋದೆ. ಅಲ್ಲಿ ಆಗಲೇ ಸುಬ್ಬಣ್ಣ ತಲೆ ಮೇಲೆ ಕೈ ಹೊತ್ತು ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ರವಿಕೆ ಒಯ್ಯಲು ಬಂದಿದ್ದ ವನಜಕ್ಕ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ರಿಟೈರ್ ಆದವರು. ಅವರ ಮನೆಯಲ್ಲಿ ಉಪ್ಪಿನಕಾಯಿ ಭರಣಿಗಿಂತ ಕಲ್ಲಿನ ಡಬ್ಬಿಗಳೇ ಜಾಸ್ತಿ.

"ಏನಾಯಿತೋ?" ಎಂದೆ.

"ಸಾಡೇಸಾತಿ," ಎಂದ ಸುಬ್ಬಣ್ಣ. "ನೀಲಮಣಿ ಹಾಕಬೇಕಂತೆ. ರೇಟು ಕೇಳಿದೆ. ಶನಿಯೇ ವಾಸಿ ಅನ್ನಿಸಿತು. ಅಂಗಡಿಯವನು, 'ಹೆಚ್ಚು ಕಡಿಮೆ ಅದೇ ಬಣ್ಣದ್ದು ಇನ್ನೊಂದಿದೆ, ಟಾಂಜನೈಟ್ ಅಂತ. ಅಗ್ಗ. ಶನಿಗೂ ನಡೆಯುತ್ತದೆ' ಎಂದ."

ವನಜಕ್ಕ ನಕ್ಕುಬಿಟ್ಟರು. "ಶನಿಗೆ ಅದರ ಪರಿಚಯವೇ ಇಲ್ಲವಲ್ಲೋ! ಆ ಕಲ್ಲು ಲೋಕದ ಕಣ್ಣಿಗೆ ಬಿದ್ದದ್ದೇ 1967ರಲ್ಲಿ. ನವರತ್ನದ ಒಂಬತ್ತು ಸೀಟೂ ನಮ್ಮ ಅಜ್ಜನ ಅಜ್ಜನ ಕಾಲಕ್ಕೇ ಭರ್ತಿ. ಇದು ವೇಟಿಂಗ್ ಲಿಸ್ಟು."

"ನಾನು 65ನೇ ಇಸವಿಯವನು," ಎಂದ ಸುಬ್ಬಣ್ಣ.

"ಹಾಗಾದರೆ ನೀನೇ ಹಿರಿಯ. ಕಲ್ಲೇ ನಿನ್ನ ಕಾಲಿಗೆ ಬೀಳಬೇಕು."

"ಅಷ್ಟು ತಡವಾಗಿ ಯಾರ ಕಣ್ಣಿಗೆ ಬಿತ್ತು?" ಎಂದೆ ನಾನು.

"ಒಬ್ಬ ದರ್ಜಿಯ ಕಣ್ಣಿಗೆ."

ಮೂರ್ತಿಯ ಮಿಷನ್ ಟಕ್ ಎಂದು ನಿಂತಿತು. ಕರೆಂಟು ಹೋದಾಗಲೂ ಕಾಲಿನಲ್ಲಿ ತುಳಿಯುವ ಮನುಷ್ಯ ಅವನು. ಮಿಷನ್ ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ. ಓಡುವ ಮಿಷನ್ನಿನಿಂದ ನನ್ನ ಪ್ಯಾಂಟು ಯಾಕೆ ಹೊರಬರುವುದಿಲ್ಲ ಎನ್ನುವುದು ಬೇರೆ ಮಾತು.

"ಮ್ಯಾನುಯೆಲ್ ಡಿ ಸೋಜಾ ಎಂದು ಅವನ ಹೆಸರು," ಎಂದರು ವನಜಕ್ಕ. "ನಮ್ಮ ಕಾರವಾರದಾಚೆಯ ಗೋವಾ ಮೂಲದವನು. ಟಾಂಜಾನಿಯಾದ ಅರೂಶಾ ಎಂಬ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದ. ಬಿಡುವಿದ್ದಾಗ ಕಾಡುಗುಡ್ಡ ಸುತ್ತಿ ಚಿನ್ನ, ಕಲ್ಲು ಹುಡುಕುವುದು ಅವನ ಹುಚ್ಚು. ಕಿಲಿಮಂಜಾರೋ ಪರ್ವತದ ಕಡೆ ಮೆರೆಲಾನಿ ಎಂಬ ಗುಡ್ಡಸಾಲಿದೆ. ಅಲ್ಲಿ ಈ ನೀಲಿ ಹರಳು ಸಿಕ್ಕಿತು. ಇವತ್ತಿಗೂ ಇಡೀ ಭೂಮಿಯಲ್ಲಿ ಇದನ್ನು ಗಣಿ ತೋಡಿ ತೆಗೆಯುವುದು ಅದೊಂದೇ ಕಡೆ. ಕೆಲವೇ ಕಿಲೋಮೀಟರ್ ಜಾಗ."

"ಅಳತೆ ತೆಗೆಯುವವನ ಕಣ್ಣು ಸುಮ್ನೆ ಅಲ್ಲ," ಎಂದು ಮೂರ್ತಿ ಕೊರಳಿನ ಟೇಪು ಸರಿಮಾಡಿಕೊಂಡ.

"ಆದರೆ ಅವನು ಮೊದಲು ಇದನ್ನು ಆಲಿವಿನ್ ಅಂದುಕೊಂಡ. ತಪ್ಪು. ಆಮೇಲೆ ಡುಮೊರ್ಟಿಯರೈಟ್ ಅಂದುಕೊಂಡ. ಅದೂ ತಪ್ಪು."

"ಟ್ರಯಲ್ ನೋಡದೆ ಯಾವ ಬಟ್ಟೆ ಸರಿಯಾಗಿ ಕೂತಿದೆ, ಹೇಳಿ?"

"ಅವನು ಗುಡ್ಡದಲ್ಲಿ ಕಲ್ಲು ಹುಡುಕುತ್ತಿದ್ದಾಗ ಗಿರಾಕಿಗಳ ಪ್ಯಾಂಟು ಏನಾಯಿತು?" ಎಂದೆ. ಯಾರೂ ಉತ್ತರ ಕೊಡಲಿಲ್ಲ.

"ಕೊನೆಗೆ ಪರೀಕ್ಷೆ ಮಾಡಿದವರು ಇದು ಜೊಯಿಸೈಟ್ ಎಂಬ ಖನಿಜ ಎಂದರು. ನೀಲಿ ಜೊಯಿಸೈಟ್. 1968ರಲ್ಲಿ ನ್ಯೂಯಾರ್ಕಿನ ಟಿಫನಿಯವರು ಮಾರಲು ಹೊರಟರು."

"ಟಿಫಿನ್ ರೂಮಿನವರಿಗೆ ಕಲ್ಲು ಯಾಕೆ?" ಎಂದ ಸುಬ್ಬಣ್ಣ. ಅಕ್ಕಿಯಲ್ಲಿ ಸಿಗುವ ಕಲ್ಲೇ ಅವನಿಗೆ ಜಾಸ್ತಿ ಪರಿಚಯ.

"ಟಿಫಿನ್ ಅಲ್ಲ, ಟಿಫನಿ. ಒಡವೆ ಅಂಗಡಿ. ಅವರಿಗೆ ಹೆಸರೇ ತಲೆನೋವಾಯಿತು. ಬ್ಲೂ ಜೊಯಿಸೈಟ್ ಎಂದು ಬೇಗ ಬೇಗ ಹೇಳಿ ನೋಡು."

ಸುಬ್ಬಣ್ಣ ಹೇಳಿ ನೋಡಿದ. ಮೂರನೇ ಸಲಕ್ಕೆ ಮುಖ ಬಿಳಿಚಿಕೊಂಡಿತು. "ಸೂಸೈಡ್ ಅಂದ ಹಾಗೆ ಕೇಳುತ್ತದಲ್ಲ!"

"ಅದಕ್ಕೇ ದೇಶದ ಹೆಸರು ಅಂಟಿಸಿ ಟಾಂಜನೈಟ್ ಎಂದರು."

"ಸಾಡೇಸಾತಿ ಇರುವವನಿಗೆ ಮಾರುವ ಕಲ್ಲಿಗೆ ಇಂಥ ಹೆಸರು ಇತ್ತೇ? ಆ ಅಂಗಡಿಯವನು ಇದನ್ನು ಹೇಳಲೇ ಇಲ್ಲ."

"ಅಂತೂ ನಮ್ಮವನು ಗೆದ್ದ," ಎಂದ ಮೂರ್ತಿ. ಆ ದರ್ಜಿ ಆಗಲೇ ಅವನ ಸೋದರಮಾವನಾಗಿದ್ದ.

"ಎಲ್ಲಿ ಗೆದ್ದ? 1969ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. 1971ರಲ್ಲಿ ಗಣಿಗಳೆಲ್ಲ ಸರ್ಕಾರದ ಪಾಲಾದವು. ಅವನೇ ಮೊದಲಿಗ ಎನ್ನುವುದಕ್ಕೂ ತಕರಾರಿದೆ. ಜುಮಾನೆ ಎಂಗೋಮಾ ಎಂಬ ಅಲ್ಲಿನವರು ಅವನಿಗಿಂತ ಮುಂಚೆಯೇ ಕಂಡಿದ್ದರು ಎಂದು ಟಾಂಜಾನಿಯಾ ಸರ್ಕಾರ ಹೇಳುತ್ತದೆ. 2018ರಲ್ಲಿ ಅಧ್ಯಕ್ಷ ಮಗುಫುಲಿ ಕರೆದು ಸನ್ಮಾನ ಮಾಡಿ 10 ಕೋಟಿ ಶಿಲ್ಲಿಂಗ್ ಕೊಟ್ಟರು. ಐವತ್ತು ವರ್ಷ ಆದ ಮೇಲೆ."

"ಪರವಾಗಿಲ್ಲ, ಸ್ವಲ್ಪ ಲೇಟು ಅಷ್ಟೆ," ಎಂದ ಮೂರ್ತಿ. ಈ ವಿಷಯದಲ್ಲಿ ಅವನ ಮಾತಿಗೆ ತೂಕವಿದೆ.

ಸುಬ್ಬಣ್ಣ ಮೊಬೈಲಿನಲ್ಲಿದ್ದ ಉಂಗುರದ ಫೋಟೋ ತೋರಿಸಿದ. ಅಚ್ಚ ನೀಲಿ, ಒಳಗೆ ನೇರಳೆಯ ಛಾಯೆ. ಚೆನ್ನಾಗಿಯೇ ಇತ್ತು.

"ಇದನ್ನು ತಿರುಗಿಸಿದರೆ ಒಂದು ಕಡೆ ನೀಲಿ, ಒಂದು ಕಡೆ ನೇರಳೆ, ಇನ್ನೊಂದು ಕಡೆ ಕೆಂಪು ಛಾಯೆ," ಎಂದರು ವನಜಕ್ಕ.

"ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ ಇರುವ ರೇಷ್ಮೆ ಸೀರೆ ಇದ್ದ ಹಾಗೆ," ಎಂದ ಮೂರ್ತಿ. ವನಜಕ್ಕ ಒಂದು ಕ್ಷಣ ಸುಮ್ಮನಾದರು. ಕ್ಲಾಸಿನಲ್ಲಿ ಈ ಹೋಲಿಕೆ ಹೊಳೆಯಲಿಲ್ಲವಲ್ಲ ಎಂಬ ಬೇಸರ ಇರಬೇಕು.

"ಆದರೆ ನೆಲದಿಂದ ಬರುವಾಗ ಹೆಚ್ಚಿನವು ಕಂದು ಬಣ್ಣದವೇ. 500–600 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಆಗ ನೀಲಿ ಬರುತ್ತದೆ. ಅಲ್ಲಿನ ಮಸಾಯಿ ಜನರಲ್ಲಿ ಒಂದು ಕಥೆ ಇದೆ. ಸಿಡಿಲು ಬಡಿದು ಹುಲ್ಲುಗಾವಲು ಉರಿಯಿತಂತೆ, ಆ ಬಿಸಿಗೆ ಕಂದು ಕಲ್ಲು ನೀಲಿಯಾಯಿತಂತೆ."

"ನನ್ನ ಹೆಂಡತಿ ದೋಸೆ ಕಾವಲಿ ಮೇಲೆ..."

"ಸುಬ್ಬಣ್ಣ, ಬೇಡ."

"2020ರ ಜೂನ್ ನೆನಪಿದೆಯಾ?" ಎಂದು ವನಜಕ್ಕ ಮುಂದುವರಿಸಿದರು. "ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದೆವು. ಆಗ ಸಾನಿನಿಯು ಲೈಜರ್ ಎಂಬ ಮಸಾಯಿ ಗಣಿಗಾರನಿಗೆ ಎರಡು ಕಲ್ಲು ಸಿಕ್ಕಿದವು. ಒಂದು 9.27 ಕಿಲೋ, ಇನ್ನೊಂದು 5.1 ಕಿಲೋ."

"ಕಿಲೋನಾ?" ಎಂದು ಸುಬ್ಬಣ್ಣ ಎದ್ದು ನಿಂತ.

"ಕಿಲೋ. ಸರ್ಕಾರ 774 ಕೋಟಿ ಶಿಲ್ಲಿಂಗ್ ಕೊಟ್ಟು ಕೊಂಡಿತು. ಆಗಸ್ಟಿನಲ್ಲಿ ಅದೇ ಮನುಷ್ಯನಿಗೆ ಇನ್ನೊಂದು, 6.3 ಕಿಲೋ. ನಾಲ್ವರು ಹೆಂಡತಿಯರು, ಮೂವತ್ತಕ್ಕೂ ಹೆಚ್ಚು ಮಕ್ಕಳು. ದುಡ್ಡು ಬಂದರೆ ಊರಲ್ಲಿ ಶಾಲೆ ಕಟ್ಟಿಸುತ್ತೇನೆ ಎಂದ."

"ನಾನಿಲ್ಲಿ ಮಾಸ್ಕ್ ಹೊಲಿಯುತ್ತಿದ್ದೆ," ಎಂದು ಮೂರ್ತಿ ನಿಟ್ಟುಸಿರು ಬಿಟ್ಟ. "ಒಂದೇ ಮನೆಯಲ್ಲಿ ಮೂವತ್ತು ಜೊತೆ ಯೂನಿಫಾರಂ!"

"ಎಲ್ಲರಿಗೂ ಹಾಗಲ್ಲಪ್ಪ. ಕಿರಿದಾದ ಸುರಂಗಕ್ಕೆ ಹುಡುಗರನ್ನು ಇಳಿಸುತ್ತಿದ್ದರು. ಅವರನ್ನು 'ನ್ಯೋಕಾ' ಎನ್ನುತ್ತಾರೆ. ಅಲ್ಲಿನ ಸ್ವಾಹಿಲಿಯಲ್ಲಿ ಹಾವು ಎಂದರ್ಥ. 1998ರಲ್ಲಿ ಮಳೆ ನೀರು ನುಗ್ಗಿ ಹತ್ತಾರು ಜನ ಒಳಗೇ ಸತ್ತರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಟೀ ಬಂತು.

"ಕಳ್ಳತನ ಇಲ್ಲವಾ?" ಎಂದೆ.

"ಯಾಕಿಲ್ಲ? ಬಹಳಷ್ಟು ಕಲ್ಲು ಲೆಕ್ಕಕ್ಕೆ ಸಿಗದೆ ಗಡಿ ದಾಟುತ್ತಿತ್ತು. ಅದಕ್ಕೇ ಸೈನ್ಯದ ಕೈಲಿ ಗಣಿಯ ಸುತ್ತ ಸುಮಾರು 24 ಕಿಲೋಮೀಟರ್ ಗೋಡೆ ಕಟ್ಟಿಸಿದರು. 2018ರಲ್ಲಿ ಮುಗಿಯಿತು."

"ಜೇಬಿಲ್ಲದ ಅಂಗಿ ಹೊಲಿಸಿದ್ದರೆ ಗೋಡೆಯ ಖರ್ಚು ಉಳಿಯುತ್ತಿತ್ತು," ಎಂದ ಮೂರ್ತಿ. ಅವನನ್ನು ಅಲ್ಲಿನ ಸರ್ಕಾರ ಕೇಳಬೇಕಿತ್ತು.

ಸುಬ್ಬಣ್ಣನಿಗೆ ಉಂಗುರದ್ದೇ ಚಿಂತೆ. "ಹಾಕಲೋ ಬೇಡವೋ ಅಷ್ಟು ಹೇಳಿ ವನಜಕ್ಕ."

"ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ?"

ಸುಬ್ಬಣ್ಣ ಬೀದಿ ಕಡೆ ನೋಡಿದ.

"ಹಾಗಾದರೆ ಬೇಡ. ಇದು ನೀಲಮಣಿಯಷ್ಟು ಗಟ್ಟಿಯಲ್ಲ. ಪಾತ್ರೆಗೆ ಬಡಿದರೆ ಒಡೆದೀತು, ಮರಳು ತಾಗಿದರೆ ಗೀರು ಬಿದ್ದೀತು. ಉಂಗುರಕ್ಕಿಂತ ಓಲೆಗೆ ಲಾಯಕ್ಕು."

ಓಲೆ ಎಂದದ್ದೇ ತಡ, ಸುಬ್ಬಣ್ಣ ಮೊಬೈಲು ಜೇಬಿಗೆ ಹಾಕಿದ. ಈ ಮಾತು ಮನೆಗೆ ಮುಟ್ಟಿದರೆ ಶನಿಯ ಜೊತೆ ಇನ್ನೊಂದು ಖರ್ಚು. "ಶನಿಗೆ ನೀಲಿ ಆದರೆ ಆಯಿತಲ್ವಾ? ಮೂರ್ತಿ, ಒಂದು ನೀಲಿ ಸಫಾರಿ ಹೊಲಿದುಬಿಡು."

ಮೂರ್ತಿ ಟೇಪು ಎಳೆದು ಅಳತೆ ತೆಗೆದ. ಸೊಂಟದ ಹತ್ತಿರ ಟೇಪು ಒಂದು ಸಲ ತಡವರಿಸಿತು.

"ಯಾವಾಗ ಕೊಡುತ್ತೀಯ?"

"ಶನಿವಾರ ಬನ್ನಿ."

"ನನ್ನ ಪ್ಯಾಂಟು?" ಎಂದೆ.

"ಅದೂ ಶನಿವಾರವೇ."

"ಯಾವ ಶನಿವಾರ?" ಎನ್ನುವಷ್ಟರಲ್ಲಿ ಮಿಷನ್ ಶುರುವಾಗಿತ್ತು.

ಸುಬ್ಬಣ್ಣ ಮೆಲ್ಲಗೆ ವನಜಕ್ಕನ ಕಡೆ ತಿರುಗಿದ. "ಏಳೂವರೆ ವರ್ಷಕ್ಕೆ ಎಷ್ಟು ಶನಿವಾರ ಬರುತ್ತವೆ?"

ವನಜಕ್ಕ ಕೈಯಲ್ಲಿದ್ದ ರವಿಕೆಯನ್ನು ತಿರುಗಿಸಿ ನೋಡಿದರು. ಒಂದು ತೋಳು ಇನ್ನೂ ಬಂದಿರಲಿಲ್ಲ.

"390 ಚಿಲ್ಲರೆ," ಎಂದರು.