ಕೊಂಡಜ್ಜಿ ಕೆರೆಯಲ್ಲಿ ಟೆಂಟ್, ಗಾಳ ಹಾಕಬಹುದೇ?

ಪ್ರಶ್ನೆ (ದಾವಣಗೆರೆ): ಮಗನಿಗೆ ದಸರಾ ರಜೆ. ಅವನ ಕೈಯಿಂದ ಮೊಬೈಲ್ ಬಿಡಿಸಿ, ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಒಂದು ರಾತ್ರಿ ಟೆಂಟ್‌ನಲ್ಲಿದ್ದು, ಬೆಳಿಗ್ಗೆ ಗಾಳ ಹಿಡಿಸುವ ಆಸೆ. ರೆಸಾರ್ಟ್ ಬೇಡ, ಅಲ್ಲಿ ಹಕ್ಕಿಗಿಂತ ಸ್ಪೀಕರ್ ಹೆಚ್ಚು ಕೂಗುತ್ತದೆ. ಯಾರನ್ನು ಕೇಳಬೇಕು? ಅಥವಾ ಸೂಳೆಕೆರೆಯೇ ವಾಸಿಯೇ?

ಉತ್ತರ (ಹರಿಹರ): ಮೊದಲು ಕೆರೆಯ ಮೀನು ಯಾರ ಗುತ್ತಿಗೆಯಲ್ಲಿದೆ ಎಂದು ಪಂಚಾಯಿತಿಯಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ವಿಚಾರಿಸಿ. ಗುತ್ತಿಗೆ ಹಿಡಿದವರು ದುಡ್ಡು ಕೊಟ್ಟು ಮೀನುಮರಿ ಬಿಟ್ಟಿರುತ್ತಾರೆ. ಒಂದು ಮಾತು ಕೇಳಿ ಕುಳಿತರೆ ಜಾಗವನ್ನೂ ತೋರಿಸಿಯಾರು, ಕೇಳದೆ ಕುಳಿತರೆ ಜಗಳವೇ. ಮಕ್ಕಳಿಗೆ ಎರೆಹುಳು ಸಿಕ್ಕಿಸಿದ ಸಣ್ಣ ಗಾಳ ಸಾಕು, ಜಿಲೇಬಿ ಮೀನು ಬೇಗ ಕಚ್ಚುತ್ತದೆ. ಕಾಟ್ಲಾ ಬೇಕೆಂದರೆ ಶೇಂಗಾ ಹಿಂಡಿಯ ಉಂಡೆ ಕಟ್ಟಿ, ತಾಳ್ಮೆಯನ್ನೂ ಕಟ್ಟಿಕೊಂಡು ಹೋಗಿ. ಗುಡ್ಡದ ಕಡೆ ಕಾಡಿದೆ. ಅಲ್ಲಿ ಉಳಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಬೆಂಕಿಯಂತೂ ಹಚ್ಚಲೇಬೇಡಿ. ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರ ಅಲ್ಲೇ ಇದೆ, ಟೆಂಟ್ ಕಟ್ಟುವುದು ಆ ಊರಿಗೆ ಹೊಸದೇನಲ್ಲ.

ಉತ್ತರ (ಚನ್ನಗಿರಿ): ನಮ್ಮ ಸೂಳೆಕೆರೆ ನೋಡಲು ಚೆಂದ, ಆದರೆ ಗಾಳಿ ಬೀಸಿದರೆ ಅಲೆ ಏಳುತ್ತದೆ. ಚಿಕ್ಕ ಹುಡುಗನೊಂದಿಗೆ ಬೇಡ ಸರ್. ಚಿತ್ರದುರ್ಗದವರು ಕುಡಿಯುವ ನೀರೂ ಅದೇ. ಮೀನು ತೊಳೆದ ಕೊಳೆಯನ್ನು ಅಲ್ಲಿಗೆ ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕೇಳಿದವರು: ಹಾಗಾದರೆ ಕೊಂಡಜ್ಜಿಯೇ. ಅಡುಗೆ ಬೇಡ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತೇವೆ. ಈಜು ಬಲ್ಲ ಭಾಮೈದನನ್ನೂ ಕರೆದೊಯ್ಯುತ್ತೇನೆ, ಗೊರಕೆ ಸಹಿಸಿಕೊಂಡರಾಯಿತು. ಸೋಮವಾರ ಪಂಚಾಯಿತಿಗೆ ಹೋಗಿ ವಿಚಾರಿಸುತ್ತೇನೆ.