ಡಿ ಅಂಡ್ ಡಿಯಲ್ಲಿ ಲೆವೆಲ್ 5 ಪಾರ್ಟಿ (ಪ್ಲೇಯರ್‌ಗಳ ತಂಡ) ಮುಂದೆ ಒಂದೇ ದೊಡ್ಡ ಮಾನ್‌ಸ್ಟರ್ ಇಟ್ರೆ ಎರಡೇ ರೌಂಡಲ್ಲಿ ಫೈಟ್ ಮುಗೀತಿದೆ, ಏನ್ ಮಾಡ್ಲಿ?

ಗುಹೆ_ಡಿಎಂ: ಎಲ್ರಿಗೂ ನಮಸ್ಕಾರ. ದಾಳ ಉರುಳಿಸಿ ಆಡೋ ಕಥೆ ಆಟ ಡಿ ಅಂಡ್ ಡಿ, 2014ರ ರೂಲ್ಸ್, ಡಿಎಂ (ಆಟ ನಡೆಸೋನು) ನಾನೇ. ನಾಲ್ಕು ಜನ: ಫೈಟರ್, ಪಲಾಡಿನ್ (ಪವಿತ್ರ ಯೋಧ), ರೋಗ್ (ಕಳ್ಳ), ವಿಜರ್ಡ್ (ಮಂತ್ರವಾದಿ). ಹೋದ ವಾರ ಯಂಗ್ ಗ್ರೀನ್ ಡ್ರ್ಯಾಗನ್ ಇಟ್ಟೆ, 136 ಹೆಚ್‌ಪಿ (ಪ್ರಾಣದ ಅಂಕ), 3900 ಎಕ್ಸ್‌ಪಿ (ಎದುರಾಳಿ ಎಷ್ಟು ಕಷ್ಟ ಅನ್ನೋ ಅಂಕ). ಪುಸ್ತಕದ ಟೇಬಲ್ ಪ್ರಕಾರ ಇವ್ರಿಗೆ 3000 ಎಕ್ಸ್‌ಪಿ ಆದ್ರೆ ಹಾರ್ಡ್, 4400 ಆದ್ರೆ ಡೆಡ್ಲಿ. ಆದ್ರೂ ಎರಡನೇ ರೌಂಡ್ ಮುಗಿಯೋಷ್ಟ್ರಲ್ಲಿ ಡ್ರ್ಯಾಗನ್ ಹೆಣ ಬಿತ್ತು. ಒಂದ್ಸಲ ಬ್ರೆತ್ (ವಿಷದ ಉಸಿರು), ಒಂದ್ಸಲ ಕಚ್ಚಿದ್ದು, ಅಷ್ಟೇ. ಮುಂದಿನ ಸಲ ಹೆಚ್‌ಪಿ ಡಬಲ್ ಮಾಡಿದ್ರೆ ಸರಿಹೋಗುತ್ತಾ?

ದಾಳ20: ಅದಕ್ಕೆ ಮುಂಚೆ ಲಾಂಗ್ ರೆಸ್ಟ್ (ಶಕ್ತಿ ವಾಪಸ್ ತರೋ ರಾತ್ರಿ ನಿದ್ದೆ) ಆಗಿತ್ತಾ? ಡ್ರ್ಯಾಗನ್ ನೆಲದ ಮೇಲೇ ನಿಂತಿತ್ತಾ?

ಗುಹೆ_ಡಿಎಂ: ಹೌದು, ರಾತ್ರಿ ಮಲಗಿ ಬೆಳಗ್ಗೆ ಎದ್ದು ಸೀದಾ ಗುಹೆಗೇ ಹೋದ್ರು. ನಿಧಿ ಮೇಲೆ ಕೂತಿತ್ತು, ಹಾರ್ಲೇ ಇಲ್ಲ.

ದಾಳ20: ಅಲ್ಲೇ ಇದೆ ನೋಡಿ ಸಮಸ್ಯೆ. ಹೆಚ್‌ಪಿ ಡಬಲ್ ಮಾಡ್ಬೇಡಿ, ಎರಡು ರೌಂಡಿನ ಫೈಟು ನಾಲ್ಕು ರೌಂಡ್ ಆಗುತ್ತೆ, ಕೊನೇ ಎರಡು ರೌಂಡೂ ಬರೀ ಹೊಡೆಯೋದೇ, ಯಾರಿಗೂ ಭಯ ಹುಟ್ಟಲ್ಲ. ಲೆಕ್ಕ ಹಾಕಿ: ಫೈಟರ್ ಆಕ್ಷನ್ ಸರ್ಜ್ (ಅದೇ ಟರ್ನಲ್ಲಿ ಇನ್ನೊಂದು ಆಕ್ಷನ್) ಹಾಕಿ ನಾಲ್ಕ್ ಸಲ ಬೀಸ್ತಾನೆ, ಗ್ರೇಟ್‌ಸ್ವೋರ್ಡ್ ಆದ್ರೆ ಮೂರು ತಾಗಿದ್ರೂ 33 ಹೆಚ್‌ಪಿ ಹತ್ರ ಹೋಗುತ್ತೆ. ಪಲಾಡಿನ್ ಎರಡು ಹೊಡೆತಕ್ಕೂ ಸೆಕೆಂಡ್ ಲೆವೆಲ್ ಸ್ಮೈಟ್ (ಹೊಡೆತದ ಜೊತೆ ಎಕ್ಸ್‌ಟ್ರಾ ಪೆಟ್ಟು) ಸುರಿದ್ರೆ ಸ್ಮೈಟ್‌ದೇ 27. ವಿಜರ್ಡ್‌ನ ಫೈರ್‌ಬಾಲ್ ಮಂತ್ರಕ್ಕೆ ಡ್ರ್ಯಾಗನ್ ಸೇವ್ (ಪೆಟ್ಟು ಕಮ್ಮಿ ಮಾಡ್ಕೊಳ್ಳೋ ದಾಳ) ಆಗ್ಲಿಲ್ಲ ಅಂದ್ರೆ 28. ರೋಗ್ ಇನ್ನೂ ಕೈ ಎತ್ತೇ ಇಲ್ಲ. ಮತ್ತೆ ಯಂಗ್ ಡ್ರ್ಯಾಗನ್‌ಗೆ ಲೆಜೆಂಡರಿ ಆಕ್ಷನ್ (ಬೇರೆಯವ್ರ ಟರ್ನ್ ಮುಗಿದಾಗ ಸಿಗೋ ಎಕ್ಸ್‌ಟ್ರಾ ಆಕ್ಷನ್) ಇಲ್ಲ, ಅದು ಅಡಲ್ಟ್ ಆದ್ಮೇಲೇ. ಅಂದ್ರೆ ಇವ್ರದ್ದು ನಾಲ್ಕು ಟರ್ನ್, ಅದರದ್ದು ಒಂದು. ಕಬಡ್ಡಿಯಲ್ಲಿ ಒಬ್ನೇ ರೈಡರ್ ಎದುರಾಳಿಗಳ ಮಧ್ಯೆ ಸಿಕ್ಕಂಗೆ.

ಪುಸ್ತಕದ ಲೆಕ್ಕ ದಿನಕ್ಕೆ ಆರರಿಂದ ಎಂಟು ಮೀಡಿಯಂ ಇಲ್ಲಾ ಹಾರ್ಡ್ ಫೈಟು, ಮಧ್ಯೆ ಎರಡು ಶಾರ್ಟ್ ರೆಸ್ಟು ಅಂತ ಇಟ್ಕೊಂಡಿರೋದು. ದಿನಕ್ಕೊಂದೇ ಫೈಟ್ ಅಂದ್ರೆ ಎಲ್ಲಾ ಸ್ಲಾಟೂ (ಮಂತ್ರ ಹಾಕೋಕೆ ದಿನಕ್ಕಿಷ್ಟೇ ಅಂತ ಇರೋ ಲೆಕ್ಕ) ಅದರ ಮೇಲೇ ಬೀಳುತ್ತೆ. ಎಂಟೇ ಬೇಕು ಅಂತಿಲ್ಲ, ಆದ್ರೆ ದೊಡ್ಡ ಫೈಟಿಗೆ ಮುಂಚೆ ವಿಜರ್ಡ್‌ನ ಎರಡು ಥರ್ಡ್ ಲೆವೆಲ್ ಸ್ಲಾಟಲ್ಲಿ ಒಂದಾದ್ರೂ ಖರ್ಚಾಗಿರ್ಬೇಕು.

ಒಂದು ಎನ್‌ಕೌಂಟರ್ ಹೇಳ್ತೀನಿ, ಹಿಂಗೇ ಎತ್ಕೊಂಡ್ ಹೋಗಿ ಇಡಿ. ಒಬ್ಬ ಹಾಬ್‌ಗಾಬ್ಲಿನ್ (ಸೈನಿಕರ ಥರದ ಮಾನ್‌ಸ್ಟರ್) ಕ್ಯಾಪ್ಟನ್, ಆರು ಹಾಬ್‌ಗಾಬ್ಲಿನ್. 1300 ಎಕ್ಸ್‌ಪಿ, ಏಳು ಜನ ಆದ್ದರಿಂದ ಪುಸ್ತಕದ ಲೆಕ್ಕದಲ್ಲಿ ಎರಡೂವರೆ ಪಟ್ಟು, 3250. ನಿಮ್ಮ ಡ್ರ್ಯಾಗನ್‌ಗಿಂತ ಕಮ್ಮಿ, ಆದ್ರೆ ಜಾಸ್ತಿ ಕಾಡ್ತಾರೆ. ಒಟ್ಟಿಗೆ ನಿಲ್ಸಿದ್ರೆ ಮಾತ್ರ ಒಂದೇ ಫೈರ್‌ಬಾಲ್‌ಗೆ ಆರೂ ಬೂದಿ, ತಲಾ 11 ಹೆಚ್‌ಪಿ ಅಷ್ಟೇ. ಅದಕ್ಕೆ ಕಣಿವೆ ಮೇಲೊಂದು ಹಗ್ಗದ ಸೇತುವೆ ಇಡಿ. ಇಬ್ರು ಬಿಲ್ಲು ಹಿಡ್ಕೊಂಡು ಎಡ ಬಂಡೆ ಹಿಂದೆ, ಇಬ್ರು ಬಲಕ್ಕೆ, ಮಧ್ಯೆ 40 ಅಡಿಗಿಂತ ಜಾಸ್ತಿ ಗ್ಯಾಪ್. ಉಳಿದಿಬ್ರು ಸೇತುವೆ ಬಾಯಲ್ಲಿ ಫೈಟರ್‌ನ ಒಟ್ಟಿಗೇ ಮುತ್ತಲಿ, ಪಕ್ಕದಲ್ಲಿ ಜೊತೆಗಾರ ಇದ್ರೆ ಮಾರ್ಷಲ್ ಅಡ್ವಾಂಟೇಜ್ ಅನ್ನೋ ಅವ್ರ ಶಕ್ತಿಗೆ 2ಡಿ6 (ಆರು ಮುಖದ ಎರಡು ದಾಳ) ಎಕ್ಸ್‌ಟ್ರಾ ಪೆಟ್ಟು ಸಿಗುತ್ತೆ. ಕ್ಯಾಪ್ಟನ್ ಸೆರೆಯಾಳನ್ನ ಎಳ್ಕೊಂಡು ಸೇತುವೆ ದಾಟ್ತಿದಾನೆ, ದಾಟಿದ ಮೇಲೆ ಹಗ್ಗ ಕತ್ತರಿಸ್ತಾನೆ. ಈಗ ಪ್ಲೇಯರ್‌ಗಳು ಯಾರನ್ನ ಹೊಡೀಲಿ ಅನ್ನೋದ್ರ ಜೊತೆ ಸೇತುವೆಗೆ ಯಾರು ಓಡೋದು ಅಂತಾನೂ ಯೋಚ್ನೆ ಮಾಡ್ಬೇಕು. ನನ್ನ ಪ್ರಕಾರ ಒಳ್ಳೆ ಫೈಟ್ ಅಂದ್ರೆ ಅದೇ, ಎದುರಾಳಿ ಎಷ್ಟು ಹೊತ್ತು ಬದುಕಿದ್ದ ಅನ್ನೋದಲ್ಲ.

ಮಲೆನಾಡ್_ಮೇಜ್: ಮಾರಾಯ್ರೇ, ಡ್ರ್ಯಾಗನ್ನೇ ಬೇಕು ಅಂದ್ರೆ ಗುಹೆಯಿಂದ ಹೊರಗೆ ತನ್ನಿ. ಹಾರೋ ಸ್ಪೀಡ್ 80 ಅಡಿ, ಬ್ರೆತ್ ವಾಪಸ್ ಬರೋದು ದಾಳದಲ್ಲಿ 5 ಇಲ್ಲಾ 6 ಬಿದ್ರೆ. ಕಾಡಿನ ಮೇಲಿಂದ ಬಂದು ಊದಿ, ಮರದ ಮರೆಗೆ ಹೋಗ್ಲಿ. ಜಾಸ್ತಿ ಹೊತ್ತು ಮಾತ್ರ ಹಿಂಗ್ ಆಡಿಸ್ಬೇಡಿ, ಹತ್ರ ಹೋಗಿ ಹೊಡೆಯೋ ಪಲಾಡಿನ್ ಆಡೋನಿಗೆ ಸುಮ್ನೆ ಕೂತಂಗಾಗುತ್ತೆ. ಅಂದ ಹಾಗೆ 2024ರ ಪುಸ್ತಕದಲ್ಲಿ ಆ ಪಟ್ಟು ಲೆಕ್ಕ ತೆಗೆದಿದಾರೆ, ಎರಡು ಟೇಬಲ್ ಕಲಸ್ಬೇಡಿ.

ಗುಹೆ_ಡಿಎಂ: ಸೇತುವೆದು ಸಖತ್ತಾಗಿದೆ ಗುರು! ಆದ್ರೆ ಲೆಕ್ಕ ತಪ್ಪಿ ಪಾರ್ಟಿ ಪೂರ್ತಿ ಸತ್ರೆ?

ದಾಳ20: ಬಲಗಡೆ ಇಬ್ರನ್ನ ಮೊದಲೇ ಇಳಿಸ್ಬೇಡಿ, ಮೂರನೇ ರೌಂಡಿಗೆ ಬರ್ಲಿ. ಪಾರ್ಟಿ ಆಗ್ಲೇ ಸುಸ್ತಾಗಿದ್ರೆ ಆ ಇಬ್ರು ಕ್ಯಾಪ್ಟನ್ ಜೊತೆ ಓಡಿಹೋಗ್ಲಿ, ಸೆರೆಯಾಳು ಕೈತಪ್ಪುತ್ತೆ, ಅದೇ ದೊಡ್ಡ ಸೋಲು. ಫೈಟ್ ಮಧ್ಯೆ ಹೆಚ್‌ಪಿ ಮಾತ್ರ ಮುಟ್ಬೇಡಿ, ಪ್ಲೇಯರ್‌ಗಳಿಗೆ ಗೊತ್ತಾದ್ರೆ ಮುಂದೆ ಯಾವ ಗೆಲುವನ್ನೂ ನಂಬಲ್ಲ. ಮತ್ತೆ ಕಣಿವೆ ಬಲಗಡೆಯಿಂದ ಕೊಂಬಿನ ಸದ್ದು ಮೊದಲ ರೌಂಡಲ್ಲೇ ಕೇಳಿಸ್ಬಿಡಿ, ಆಗ ಅವ್ರು ಬಂದಾಗ ಡಿಎಂ ಮೋಸ ಮಾಡ್ದ ಅಂತ ಯಾರೂ ಅನ್ನಲ್ಲ.